ಹೇಳಬಾರದ ಮೂರು ತಿಂಗಳಲ್ಲಿ ಮಾಡಬೇಕಾದ ಕೆಲಸ

ನಮ್ಮ ಬಹುತೇಕ ಮನೆಗಳಲ್ಲಿ ಸೊಸೆಗೆ ಮುಟ್ಟು ನಿಂತಿತೆಂಬ ಸಂಗತಿಯು ಅಡುಗೆಮನೆಯ ಹೊಸ್ತಿಲನ್ನು ದಾಟುವುದಕ್ಕೆ ಮೂರು ತಿಂಗಳು ಹಿಡಿಯುತ್ತದೆ. "ಮೂರು ತುಂಬಲಿ, ಆಮೇಲೆ ಹೇಳಿದರಾಯಿತು" ಎಂಬುದು ಹಿರಿಯರ ಅಪ್ಪಣೆ. ದೃಷ್ಟಿಯಾದೀತೆಂಬ ಅಳುಕು ಅದಕ್ಕೊಂದು ಕಾರಣ. ಗರ್ಭ ನಿಲ್ಲದೆ ಹೋದ ಪಕ್ಷದಲ್ಲಿ ನಾಲ್ಕು ಜನರ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುವ ಸಂಕಟ ಇನ್ನೊಂದು ಕಾರಣ. ಮೊದಲನೆಯದನ್ನು ಅವರವರ ನಂಬಿಕೆಗೆ ಬಿಡೋಣ. ಎರಡನೆಯದು ಮಾತ್ರ ಹಗುರವಾದುದಲ್ಲ. ಏಕೆಂದರೆ ಗೊತ್ತಾದ ಗರ್ಭಗಳಲ್ಲಿ 100ಕ್ಕೆ 10ರಿಂದ 20ರಷ್ಟು ತಾವಾಗಿಯೇ ಇಳಿದುಹೋಗುತ್ತವೆ, ಅದರಲ್ಲಿಯೂ ಬಹುಪಾಲು ಮೊದಲ ಹನ್ನೆರಡು ವಾರಗಳಲ್ಲಿಯೇ. ಆದಕಾರಣ ನೆರೆಹೊರೆಯವರಿಗೂ ನೆಂಟರಿಷ್ಟರಿಗೂ ಸುದ್ದಿಯನ್ನು ತಡವಾಗಿ ತಿಳಿಸುವುದರಲ್ಲಿ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಈ ಗೋಪ್ಯವು ವೈದ್ಯರವರೆಗೂ, ಊರಿನ ಆಶಾ ಕಾರ್ಯಕರ್ತೆಯವರೆಗೂ, ಕೆಲವೊಮ್ಮೆ ಔಷಧದ ಅಂಗಡಿಯವರೆಗೂ ವ್ಯಾಪಿಸಿಬಿಡುತ್ತದಲ್ಲ, ತೊಂದರೆ ಇರುವುದು ಅಲ್ಲಿ. ಬಸುರಿಯ ಆರೈಕೆಯನ್ನು ನಾವು ಸೀಮಂತದ ಹೊತ್ತಿಗೆ, ಎಂದರೆ ಏಳನೆಯ ತಿಂಗಳಿನಲ್ಲಿ ಬಹು ಸಂಭ್ರಮದಿಂದ ಆರಂಭಿಸುತ್ತೇವೆ. ಅಷ್ಟರಲ್ಲಿ ಮಗುವಿನ ಹೃದಯ, ಮಿದುಳು, ಬೆನ್ನುಹುರಿ, ಕೈಕಾಲುಗಳ ಆಕಾರವೆಲ್ಲವೂ ನಿರ್ಣಯವಾಗಿ ಹಲವು ತಿಂಗಳುಗಳೇ ಕಳೆದಿರುತ್ತವೆ.

ಯಾರಿಗೂ ಹೇಳದೆ ಇರುವ ಆ ವಾರಗಳಲ್ಲಿ ಒಳಗೆ ಏನು ನಡೆಯುತ್ತದೆ, ಅದಕ್ಕನುಗುಣವಾಗಿ ನೀವು ಏನು ಮಾಡತಕ್ಕದ್ದು ಎಂಬುದೇ ಈ ಬರಹದ ಮುಖ್ಯ ವಿಷಯ. ಮುಂದಿನ ತಿಂಗಳುಗಳ ಮಾತು ಸಂದರ್ಭ ಬಂದಲ್ಲಿ ಬರುತ್ತದೆ.

ಒಳಗೆ ನಡೆಯುವ ಕಾರ್ಯ

ಮೊದಲು ಲೆಕ್ಕದ ಗೊಂದಲವನ್ನು ಕಳೆದುಕೊಳ್ಳಬೇಕು. ವೈದ್ಯರು ಗರ್ಭದ ವಯಸ್ಸನ್ನು ಎಣಿಸುವುದು ಗರ್ಭ ಕಟ್ಟಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಏಕೆಂದರೆ ಮುಟ್ಟಿನ ದಿನವನ್ನು ಹೆಣ್ಣು ನೆನಪಿಡಬಲ್ಲಳು, ಗರ್ಭ ಕಟ್ಟಿದ ಗಳಿಗೆಯನ್ನು ಯಾರೂ ಕಾಣರು. ಆ ಲೆಕ್ಕದಲ್ಲಿ ಪೂರ್ಣ ಗರ್ಭವೆಂದರೆ 40 ವಾರ ಅಥವಾ 280 ದಿನ. ಮುಟ್ಟು ಇಪ್ಪತ್ತೆಂಟು ದಿನಕ್ಕೊಮ್ಮೆ ತಪ್ಪದೆ ಆಗುವವರಲ್ಲಿ ಗರ್ಭ ಕಟ್ಟುವುದು ಸುಮಾರು ಎರಡನೆಯ ವಾರದ ಕೊನೆಗೆ. ಹೀಗಾಗಿ, "ಈ ಸಲ ಆಗಲಿಲ್ಲವಲ್ಲ" ಎಂದು ನಿಮಗೆ ಮೊದಲ ಸಂಶಯ ಹುಟ್ಟುವ ದಿನಕ್ಕೆ ವೈದ್ಯರ ಲೆಕ್ಕದಲ್ಲಿ ನಾಲ್ಕು ವಾರ ಮುಗಿದಿರುತ್ತದೆ, ಭ್ರೂಣಕ್ಕೆ ಎರಡು ವಾರ ವಯಸ್ಸಾಗಿರುತ್ತದೆ.

ಅದರ ಮರುವಾರವೇ ಅತ್ಯಂತ ಸೂಕ್ಷ್ಮವಾದ ಕೆಲಸವು ಮೊದಲಾಗುತ್ತದೆ. ಚಪ್ಪಟೆಯಾದ ಭ್ರೂಣದ ಬೆನ್ನಿನ ಮೇಲೆ ಒಂದು ಪದರವು ದಪ್ಪವಾಗಿ, ಅದರ ಎರಡೂ ಅಂಚುಗಳು ಮೇಲಕ್ಕೆದ್ದು, ಸುರುಳಿ ಸುತ್ತಿದ ವೀಳ್ಯದೆಲೆಯಂತೆ ನಡುವೆ ಒಂದನ್ನೊಂದು ಕೂಡಿ ಕೊಳವೆಯಾಗುತ್ತವೆ. ಈ ನರಕೊಳವೆಯ ಮೇಲ್ತುದಿಯು ಮಿದುಳಾಗಿಯೂ ಕೆಳಭಾಗವು ಬೆನ್ನುಹುರಿಯಾಗಿಯೂ ಬೆಳೆಯತಕ್ಕದ್ದು. ಗರ್ಭ ಕಟ್ಟಿದ ಇಪ್ಪತ್ತೆಂಟನೆಯ ದಿನದ ಹೊತ್ತಿಗೆ, ಎಂದರೆ ವೈದ್ಯರ ಆರನೆಯ ವಾರ ಮುಗಿಯುವುದರೊಳಗೆ, ಕೊಳವೆಯ ಎರಡು ತುದಿಗಳೂ ಮುಚ್ಚಿಕೊಂಡಿರಬೇಕು. ಮೇಲ್ತುದಿ ಮುಚ್ಚದೆ ಉಳಿದರೆ ಮಿದುಳೂ ತಲೆಬುರುಡೆಯೂ ರೂಪುಗೊಳ್ಳದೆ ಮಗು ಬದುಕುವ ಆಸೆಯೇ ಇರುವುದಿಲ್ಲ. ಕೆಳಗೆ ಮುಚ್ಚದೆ ಉಳಿದರೆ ಬೆನ್ನುಹುರಿಯು ತೆರೆದುಕೊಂಡು, ಕಾಲುಗಳ ಬಲವೂ ಮಲಮೂತ್ರಗಳ ಮೇಲಿನ ಹಿಡಿತವೂ ಜೀವಮಾನವಿಡೀ ಕುಂದಬಹುದು. ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುವ ಕಾಲವದು. ಎಷ್ಟೋ ಮಂದಿ ಇನ್ನೂ "ಬಿಸಿಲಿಗೆ ತಡವಾಗಿರಬೇಕು" ಎಂದುಕೊಂಡು ಸುಮ್ಮನಿರುತ್ತಾರೆ.

ಹೃದಯವು ಮಿಡಿಯತೊಡಗುವುದು ಗರ್ಭ ಕಟ್ಟಿದ ಇಪ್ಪತ್ತೆರಡನೆಯ ದಿನದ ಆಸುಪಾಸಿನಲ್ಲಿ. ಗರ್ಭ ಕಟ್ಟಿದಂದಿನಿಂದ ಎಣಿಸಿದರೆ ನಾಲ್ಕನೆಯ ವಾರದ ಕೊನೆಗೆ ಕೈಕಾಲುಗಳ ಮೊಗ್ಗುಗಳು ಮೂಡುತ್ತವೆ. ಎಂಟನೆಯ ವಾರ ತುಂಬುವಾಗ ಬೆರಳುಗಳು ಬಿಡಿಬಿಡಿಯಾಗಿ, ಮುಖ್ಯ ಅವಯವಗಳೆಲ್ಲವೂ ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಗೊಂಡು, ಇಡೀ ಜೀವವು ಸುಮಾರು 3 ಸೆಂಟಿಮೀಟರ್ ಉದ್ದವಿರುತ್ತದೆ. ಅಲ್ಲಿಂದಾಚೆಗಿನ ಏಳು ತಿಂಗಳ ಕಾರ್ಯವೆಂದರೆ ಪ್ರಧಾನವಾಗಿ ಬೆಳವಣಿಗೆ ಮತ್ತು ಪಕ್ವತೆ.

ಕಾಲದ ಈ ನಿಷ್ಠುರತೆಯನ್ನು ವೈದ್ಯಪ್ರಪಂಚವು ದೊಡ್ಡ ಬೆಲೆ ಕೊಟ್ಟು ಕಲಿಯಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಬೆಳಗಿನ ವಾಂತಿಗೂ ಒಳ್ಳೆಯದೆಂದು ಅನೇಕ ದೇಶಗಳ ಬಸುರಿಯರು ಸೇವಿಸಿದರು. 1961ರ ಕೊನೆಗೆ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಶಿಶುಗಳು ಮೊಟಕಾದ ಕೈಕಾಲುಗಳೊಡನೆಯೂ ಇತರ ವೈಕಲ್ಯಗಳೊಡನೆಯೂ ಹುಟ್ಟಿಯಾಗಿತ್ತು. ಹಾನಿಯುಂಟಾದುದು ಗರ್ಭ ಕಟ್ಟಿದ ಸುಮಾರು 20ನೆಯ ದಿನದಿಂದ 36ನೆಯ ದಿನದೊಳಗೆ ಅದನ್ನು ನುಂಗಿದವರ ಮಕ್ಕಳಿಗೆ. ಅದೇ ಮಾತ್ರೆಯನ್ನು ಆ ಅವಧಿ ಕಳೆದ ಮೇಲೆ ತೆಗೆದುಕೊಂಡವರ ಮಕ್ಕಳ ಕೈಕಾಲುಗಳು ಸಾಮಾನ್ಯವಾಗಿ ಸರಿಯಾಗಿಯೇ ಇದ್ದವು.

ಕ್ರಮವಾಗಿ ಮಾಡತಕ್ಕ ಕೆಲಸಗಳು

1. ದಿನಾಂಕವನ್ನು ಬರೆದಿಡಿ. ಕೊನೆಯ ಮುಟ್ಟಿನ ಮೊದಲ ದಿನವನ್ನು ಪಂಚಾಂಗದ ಅಂಚಿನಲ್ಲಿಯೋ ಕ್ಯಾಲೆಂಡರಿನಲ್ಲಿಯೋ ಗುರುತು ಮಾಡಿಡುವ ಅಭ್ಯಾಸವು ಮದುವೆಯಾದ ಪ್ರತಿಯೊಬ್ಬಳಿಗೂ ಇರಬೇಕು. "ಗೌರಿಹಬ್ಬದ ಆಚೀಚೆ" ಎಂಬ ಉತ್ತರದಿಂದ ವೈದ್ಯರಿಗೆ ಪ್ರಯೋಜನವಿಲ್ಲ. ಆ ದಿನಕ್ಕೆ ಏಳು ದಿನಗಳನ್ನೂ ಒಂಬತ್ತು ತಿಂಗಳುಗಳನ್ನೂ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ: ಜನವರಿ 10ಕ್ಕೆ ಮುಟ್ಟಾಗಿದ್ದರೆ ಅಕ್ಟೋಬರ್ 17. ಮುಟ್ಟು ಏರುಪೇರಾಗುವವರಿಗೆ ಈ ಲೆಕ್ಕ ಹೊಂದುವುದಿಲ್ಲ; ಅವರಿಗೆ ಮೊದಲ ತಿಂಗಳುಗಳ ಸ್ಕ್ಯಾನಿಂಗೇ ದಿನವನ್ನು ಗೊತ್ತುಪಡಿಸಬೇಕು. ಮುಟ್ಟು ತಪ್ಪಿ ವಾರವಾದೊಡನೆ ಬೆಳಗಿನ ಮೊದಲ ಮೂತ್ರದಿಂದ ಪರೀಕ್ಷೆ ಮಾಡಿಕೊಳ್ಳಿ. ಇಲ್ಲವೆಂದು ಬಂದರೂ ಮುಟ್ಟಾಗದಿದ್ದರೆ ಇನ್ನೊಂದು ವಾರ ಬಿಟ್ಟು ಮತ್ತೆ ನೋಡಿ.

2. ಫೋಲಿಕ್ ಆಮ್ಲದ ಮಾತ್ರೆ. ನರಕೊಳವೆಯು ಸರಿಯಾಗಿ ಮುಚ್ಚಿಕೊಳ್ಳಲು ಜೀವಕೋಶಗಳು ಅತಿ ವೇಗದಿಂದ ಇಮ್ಮಡಿಸಬೇಕು. ಹಾಗೆ ಇಮ್ಮಡಿಸುವಾಗ ಅವುಗಳಿಗೆ ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವವು ಯಥೇಚ್ಛವಾಗಿ ಬೇಕು. ಈ ಪದಾರ್ಥದ ಮೊದಲ ಸುಳಿವು ಸಿಕ್ಕಿದುದು ನಮ್ಮ ದೇಶದಲ್ಲಿಯೇ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆಯು ಬಸುರಿಯರಾಗಿದ್ದ ಬಡ ಹೆಂಗಸರನ್ನು, ಅದರಲ್ಲಿಯೂ ಬಟ್ಟೆಗಿರಣಿಗಳ ಕೂಲಿಹೆಂಗಸರನ್ನು, ಕಾಡುತ್ತಿದ್ದ ಒಂದು ಬಗೆಯ ಘೋರ ರಕ್ತಹೀನತೆಯು ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದಳು. ಸಾರದಲ್ಲಿದ್ದ ಅಜ್ಞಾತ ವಸ್ತುವೇ ಫೋಲೇಟ್ ಎಂಬುದು ಆಮೇಲೆ ತಿಳಿಯಿತು. ಹಿಂದೊಮ್ಮೆ ನರಕೊಳವೆಯ ದೋಷವುಳ್ಳ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭಧಾರಣೆಗೆ ಮೊದಲಿನಿಂದಲೇ ಈ ಮಾತ್ರೆ ಕೊಟ್ಟರೆ, ಅದು ಮರುಕಳಿಸುವ ಸಂಭವವು ಮುಕ್ಕಾಲು ಪಾಲಿನಷ್ಟು ತಗ್ಗುವುದೆಂದು 1991ರಲ್ಲಿ ಬ್ರಿಟನ್ನಿನ ದೊಡ್ಡದೊಂದು ಪರೀಕ್ಷೆಯಲ್ಲಿ ಸಿದ್ಧವಾಯಿತು.

ಸಾಮಾನ್ಯರಿಗೆ ಬೇಕಾದುದು ದಿನಕ್ಕೆ 400 ಮೈಕ್ರೊಗ್ರಾಮ್, ಎಂದರೆ 0.4 ಮಿಲಿಗ್ರಾಮ್. ಮಗು ಬೇಕೆಂದು ನಿಶ್ಚಯಿಸಿದ ತಿಂಗಳಿನಿಂದಲೇ, ಗರ್ಭ ಕಟ್ಟುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ, ಆರಂಭಿಸಿ ಹನ್ನೆರಡು ವಾರ ತುಂಬುವವರೆಗೆ ತಪ್ಪದೆ ಸೇವಿಸಬೇಕು. ಗರ್ಭ ನಿಂತದ್ದು ಇಂದು ತಿಳಿದಿದ್ದರೆ ಇಂದಿನಿಂದಲೇ ಆರಂಭಿಸಿ, ತಡವಾಯಿತೆಂದು ಬಿಡಬೇಡಿ. ಹಿಂದಿನ ಮಗುವಿಗೆ ಇಂಥ ದೋಷವಿದ್ದವರು, ಮೂರ್ಛೆರೋಗದ ಔಷಧ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯುಳ್ಳವರು ಇವರಿಗೆ ಬೇಕಾದ ಪ್ರಮಾಣ ಬೇರೆ, ಬಹಳ ಹೆಚ್ಚು. ಅದನ್ನು ವೈದ್ಯರೇ ನಿರ್ಧರಿಸಬೇಕು. ಸೊಪ್ಪು ತಿಂದರೆ ಸಾಲದೆ ಎಂದು ಕೇಳುವವರುಂಟು. ಸೊಪ್ಪಿನಲ್ಲಿ ಫೋಲೇಟ್ ಇದೆ, ನಿಜ. ಆದರೆ ನಾವು ಬೇಯಿಸುವ ಕ್ರಮದಲ್ಲಿ ಅದರ ಒಂದು ಭಾಗ ನಾಶವಾಗುತ್ತದೆ, ಇನ್ನೊಂದು ಭಾಗ ಬಸಿದ ನೀರಿನೊಡನೆ ಹೋಗುತ್ತದೆ. ಸೊಪ್ಪನ್ನೂ ತಿನ್ನಿ, ಮಾತ್ರೆಯನ್ನೂ ನುಂಗಿ.

3. ಈಗಾಗಲೇ ಸೇವಿಸುತ್ತಿರುವ ಔಷಧಗಳನ್ನು ವೈದ್ಯರ ಮುಂದಿಡಿ. ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಮಾತ್ರೆಯ ಹಾಳೆಗಳನ್ನೇ ಚೀಲದಲ್ಲಿ ತೆಗೆದುಕೊಂಡು ಹೋಗುವುದು ಲೇಸು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಮೂರ್ಛೆಗೆ ಕೊಡುವ ವಾಲ್ಪ್ರೊಯೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಭ್ರೂಣಕ್ಕೆ ಅಪಾಯಕರವೆಂದು ಸ್ಪಷ್ಟವಾಗಿ ಗೊತ್ತಿರುವಂಥವು. ಹೀಗೆಂದು ಓದಿದ ಮಾತ್ರಕ್ಕೆ ಮೂರ್ಛೆಯ ಮಾತ್ರೆಯನ್ನೋ ಸಕ್ಕರೆಯ ಔಷಧವನ್ನೋ ನೀವಾಗಿಯೇ ನಿಲ್ಲಿಸಕೂಡದು: ತಾಯಿಗೆ ಬರುವ ಒಂದು ಮೂರ್ಛೆಯೂ ಮಗುವಿಗೆ ಮಾತ್ರೆಯಷ್ಟೇ ಅಪಾಯಕರವಾಗಬಲ್ಲದು. ಬದಲಾಯಿಸುವ ಕೆಲಸ ವೈದ್ಯರದು; ಸಾಧ್ಯವಿದ್ದರೆ ಗರ್ಭಕ್ಕೆ ಮೊದಲೇ ಆಗಬೇಕಾದ ಕೆಲಸ.

ಥೈರಾಯ್ಡ್ ಮಾತ್ರೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮೊದಲ ಮೂರು ತಿಂಗಳು ಮಗುವಿನ ಸ್ವಂತ ಥೈರಾಯ್ಡ್ ಗ್ರಂಥಿ ಕೆಲಸಕ್ಕೆ ಬಂದಿರುವುದಿಲ್ಲ. ಅದರ ಮಿದುಳಿನ ಬೆಳವಣಿಗೆಗೆ ಬೇಕಾದ ರಸವೆಲ್ಲ ತಾಯಿಯಿಂದಲೇ ಬರತಕ್ಕದ್ದು. ಆದ್ದರಿಂದ ಈ ಮಾತ್ರೆ ಸೇವಿಸುವವರಿಗೆ ಗರ್ಭ ನಿಂತೊಡನೆ ಪ್ರಮಾಣವನ್ನು ಹೆಚ್ಚಿಸಬೇಕಾಗುವುದು ಸಾಮಾನ್ಯ. ಮೂರು ತಿಂಗಳು ಬಿಟ್ಟು ತೋರಿಸಿದರೆ ಆ ಕಾಲವೇ ಕಳೆದುಹೋಗಿರುತ್ತದೆ. ಇನ್ನು ಎಲೆಯಡಿಕೆಯೊಡನೆ ಹಾಕುವ ಹೊಗೆಸೊಪ್ಪು, ಮದ್ಯ, ಹೆಸರಿಲ್ಲದ ಬೇರುಗಳ ಕಷಾಯ, ಭಸ್ಮ: ಇವು ಯಾವುವೂ ಕೂಡದು.

4. ಹನ್ನೆರಡು ವಾರದೊಳಗೆ ನೋಂದಣಿ. ಆಶಾ ಕಾರ್ಯಕರ್ತೆಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಯಿಸಿ ತಾಯಿ ಕಾರ್ಡ್ ಪಡೆಯಿರಿ. ಖಾಸಗಿ ವೈದ್ಯರಲ್ಲಿ ತೋರಿಸುವವರೂ ಇದನ್ನು ಮಾಡಿಸುವುದು ಒಳ್ಳೆಯದು. ಮೊದಲ ಭೇಟಿಯಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಮೂತ್ರ, ಹಾಗೂ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳಾಗಬೇಕು. ಕೊನೆಯ ಮೂರರ ಹೆಸರು ಕೇಳಿ ಮನೆಯವರು ಮುಖ ಸಿಂಡರಿಸುವುದುಂಟು. ಅವು ಎಲ್ಲ ಬಸುರಿಯರಿಗೂ ಮಾಡುವ ಪರೀಕ್ಷೆಗಳು, ಯಾರ ಶೀಲದ ವಿಚಾರಣೆಯೂ ಅಲ್ಲ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ತಂದೆಯದು ಪಾಸಿಟಿವ್ ಆಗಿದ್ದರೆ 28ನೆಯ ವಾರದಲ್ಲಿಯೂ, ಮಗುವಿನದು ಪಾಸಿಟಿವ್ ಎಂದು ಕಂಡರೆ ಹೆರಿಗೆಯಾದ 72 ಗಂಟೆಯೊಳಗೂ ಚುಚ್ಚುಮದ್ದು ಬೇಕಾಗುತ್ತದೆ. ಗರ್ಭ ಇಳಿದುಹೋದಾಗಲೂ ಈ ವಿಷಯವನ್ನು ಮರೆಯಬಾರದು. ಧನುರ್ವಾಯುವಿನ ಚುಚ್ಚುಮದ್ದು ನಾಲ್ಕು ವಾರಗಳ ಅಂತರದಲ್ಲಿ ಎರಡು.

ಹಿಂದಿನ ಹೆರಿಗೆಯಲ್ಲಿ ಬಿ.ಪಿ. ಏರಿದ್ದವರು ಅದನ್ನು ಮೊದಲ ದಿನವೇ ಹೇಳಬೇಕು. ಅಂಥವರಿಗೆ ಅಲ್ಪ ಪ್ರಮಾಣದ ಆಸ್ಪಿರಿನ್ ಮಾತ್ರೆಯನ್ನು 12ನೆಯ ವಾರದಿಂದ, 16ನೆಯ ವಾರ ಕಳೆಯುವ ಮೊದಲೇ ಆರಂಭಿಸುವುದುಂಟು. ಐದು ತಿಂಗಳಾದ ಮೇಲೆ ಹೋದರೆ ಅದರ ಪೂರ್ಣ ಪ್ರಯೋಜನ ದೊರೆಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೆಯ ತಾರೀಖು, ನಾಲ್ಕನೆಯ ತಿಂಗಳಿನಿಂದಾಚೆಗಿನ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ.

5. ವಾಂತಿ ಮತ್ತು ಊಟ. ವಾಂತಿಯ ದಿನಗಳಲ್ಲಿ "ಮಗುವಿಗೆ ಏನೂ ಸೇರುತ್ತಿಲ್ಲವಲ್ಲ" ಎಂಬ ಕೊರಗು ತಾಯಿಯನ್ನು ಹಸಿವಿಗಿಂತ ಹೆಚ್ಚಾಗಿ ಬಾಧಿಸುತ್ತದೆ. ಮೂರು ಸೆಂಟಿಮೀಟರಿನ ಜೀವಕ್ಕೆ ಬೇಕಾದ ಅನ್ನ ಬಹು ಸ್ವಲ್ಪ. ಮೊದಲ ಮೂರು ತಿಂಗಳು ಹೆಚ್ಚುವರಿ ಊಟದ ಅಗತ್ಯವಿಲ್ಲವೆಂದರೂ ಸಲ್ಲುತ್ತದೆ. ಹಾಸಿಗೆಯಿಂದ ಏಳುವ ಮೊದಲೇ ಒಂದೆರಡು ಒಣ ರಸ್ಕು ಅಥವಾ ಹುರಿದ ಅರಳು, ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಆಹಾರ, ಒಗ್ಗರಣೆಯ ವಾಸನೆಯಿಂದ ದೂರ, ಶುಂಠಿ: ಇಷ್ಟರಿಂದ ಬಹುಮಂದಿಗೆ ಸಮಾಧಾನ. ಸಾಲದಿದ್ದರೆ ಈ ಕಾಲಕ್ಕೆಂದೇ ಇರುವ ಸುರಕ್ಷಿತ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ನೀರು ಕೂಡ ನಿಲ್ಲದೆ, ಮೂತ್ರ ಗಾಢಬಣ್ಣಕ್ಕೆ ತಿರುಗಿ, ತೂಕ ಇಳಿಯುತ್ತಿದ್ದರೆ ಅದು ಮನೆಯಲ್ಲಿ ಸಹಿಸತಕ್ಕ ವಾಂತಿಯಲ್ಲ, ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯ ತಿಂಗಳಿನಿಂದ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಬೇಕು. ಒಂದು ಲೋಟ ಹಾಲು, ಒಂದು ಹಿಡಿ ಹುರಿದ ಕಡಲೆಕಾಯಿಬೀಜ, ಒಂದು ಬಾಳೆಹಣ್ಣು ಸೇರಿದರೆ ಅಷ್ಟಾಯಿತು. ಇಬ್ಬರ ಊಟವನ್ನು ಒಬ್ಬಳೇ ಉಣ್ಣಬೇಕೆಂಬ ಮಾತಿಗೆ ಆಧಾರವಿಲ್ಲ. ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಊಟವನ್ನು ಅಂತಸ್ತಿನ ಪ್ರಶ್ನೆ ಮಾಡಿಕೊಂಡು ಬಿಡುವುದು ಅವಿವೇಕ.

ಸರಿಯಾದ ಆಹಾರದ ಫಲವು ಹೆರಿಗೆಯೊಡನೆ ಮುಗಿಯುವುದಿಲ್ಲವೆಂಬುದಕ್ಕೆ ಮೈಸೂರಿನದೇ ಸಾಕ್ಷ್ಯವಿದೆ. ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದ ಪುಸ್ತಕಗಳು ನಾಶವಾಗದೆ ಉಳಿದಿದ್ದವು. 1990ರ ದಶಕದಲ್ಲಿ ಸಂಶೋಧಕರು ಆ ಶಿಶುಗಳನ್ನು, ಆ ವೇಳೆಗೆ ಮಧ್ಯವಯಸ್ಸು ದಾಟುತ್ತಿದ್ದ ಗೃಹಸ್ಥರನ್ನೂ ಗೃಹಿಣಿಯರನ್ನೂ, ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಮೆಯಿದ್ದವರಲ್ಲಿ ಹೃದ್ರೋಗವು ಹೆಚ್ಚಾಗಿ ಕಂಡಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದಾಗ ಫೋಲೇಟ್ ಕೊರತೆ ಅಪರೂಪವಾಗಿಯೂ, ಬಿ12 ಜೀವಸತ್ವದ ಕೊರತೆ 100ಕ್ಕೆ 40ಕ್ಕೂ ಮಿಕ್ಕವರಲ್ಲಿಯೂ ಇತ್ತು. ಬಿ12 ಸಸ್ಯಾಹಾರದಲ್ಲಿ ಹಾಲು ಮೊಸರುಗಳ ಹೊರತು ಬೇರೆಡೆ ಇಲ್ಲ. ಆದಕಾರಣ ಕಟ್ಟುನಿಟ್ಟಾದ ಸಸ್ಯಾಹಾರಿಗಳು ಇದನ್ನು ವೈದ್ಯರಲ್ಲಿ ಕೇಳಿ ಪರೀಕ್ಷಿಸಿಕೊಳ್ಳುವುದು ಯುಕ್ತ.

6. ಕಬ್ಬಿಣದ ಮಾತ್ರೆ. ಗರ್ಭಕಾಲದಲ್ಲಿ ತಾಯಿಯ ರಕ್ತದ ಪ್ರಮಾಣವೇ ಅರ್ಧದಷ್ಟು ಹೆಚ್ಚುತ್ತದೆ. ಆದರೆ ಅದರ ನೀರಿನಂಶ ಏರುವ ವೇಗದಲ್ಲಿ ಕೆಂಪುಕಣಗಳು ಏರುವುದಿಲ್ಲ, ರಕ್ತ ತೆಳುವಾಗುತ್ತದೆ. ಹೊಸ ಕೆಂಪುಕಣಗಳಿಗೂ, ಮಗುವಿಗೂ, ಮಾಸಿಗೂ, ದೇಹದ ದಿನನಿತ್ಯದ ನಷ್ಟಕ್ಕೂ ಸೇರಿ ಒಂಬತ್ತು ತಿಂಗಳಲ್ಲಿ ಬೇಕಾಗುವ ಕಬ್ಬಿಣವು ಸುಮಾರು 1000 ಮಿಲಿಗ್ರಾಮ್. ಮುದ್ದೆ, ಸೊಪ್ಪಿನ ಸಾರು, ಬೇಳೆಗಳಿಂದ ದಿನವೊಂದಕ್ಕೆ ಮೈಗೂಡುವುದು ಒಂದೆರಡು ಮಿಲಿಗ್ರಾಮ್ ಮಾತ್ರ, ಕಡೆಯ ತಿಂಗಳುಗಳಲ್ಲಿ ಬೇಕಾದುದು ಅದರ ಮೂರ್ನಾಲ್ಕು ಪಟ್ಟು. ಮಗುವಾದರೋ ಕಡೆಯ ಮೂರು ತಿಂಗಳಲ್ಲಿ ತನ್ನ ಮುಂದಿನ ಆರು ತಿಂಗಳಿಗೆ ಬೇಕಾದ ಕಬ್ಬಿಣವನ್ನು ತಾಯಿಯಿಂದ ಸೆಳೆದು ತನ್ನ ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಸ್ವಲ್ಪವೇ ಇರುವುದರಿಂದ ಈ ಏರ್ಪಾಡು.

ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕೆಳಗಿದ್ದರೆ ಗರ್ಭಿಣಿಯಲ್ಲಿ ರಕ್ತಹೀನತೆ. 7ಕ್ಕಿಂತ ಕೆಳಗಿದ್ದರೆ ತಡಮಾಡದೆ ಆಸ್ಪತ್ರೆಯಲ್ಲಿ ಚಿಕಿತ್ಸೆ. ಅದರ ಅಪಾಯವು ಆಯಾಸದಲ್ಲಿ ಮುಗಿಯುವುದಿಲ್ಲ. ಹೆರಿಗೆಯ ಸಮಯದಲ್ಲಿ ಆರೋಗ್ಯವಂತೆಯೊಬ್ಬಳು ತಡೆದುಕೊಳ್ಳಬಲ್ಲ ರಕ್ತಸ್ರಾವವನ್ನು ರಕ್ತಹೀನಳಾದವಳು ತಡೆದುಕೊಳ್ಳಲಾರಳು.

ಹನ್ನೆರಡು ವಾರ ಕಳೆದ ಮೇಲೆ 60 ಮಿಲಿಗ್ರಾಮ್ ಕಬ್ಬಿಣವೂ 500 ಮೈಕ್ರೊಗ್ರಾಮ್ ಫೋಲಿಕ್ ಆಮ್ಲವೂ ಇರುವ ಕೆಂಪು ಮಾತ್ರೆಯನ್ನು ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ: ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ನುಂಗುವ ಕ್ರಮ ತಿಳಿಯದೆ ಅದರ ಅರ್ಧ ಪ್ರಯೋಜನ ವ್ಯರ್ಥವಾಗುತ್ತದೆ. ಕಾಫಿ, ಚಹಾ, ಹಾಲು, ಸುಣ್ಣಾಂಶದ ಮಾತ್ರೆ ಇವೆಲ್ಲವೂ ಕಬ್ಬಿಣವನ್ನು ಕರುಳಿನಲ್ಲಿಯೇ ತಡೆಯುತ್ತವೆ. ಹಾಲಿನೊಡನೆ ನುಂಗಿಸಿದರೆ ತಂಪು ಎಂಬ ಉಪಚಾರ ನಮ್ಮ ಕಡೆ ಬಹಳ. ಅದು ಔಷಧವನ್ನು ಕೊಟ್ಟ ಕೈಯಿಂದಲೇ ಕಸಿದುಕೊಂಡಂತೆ. ನಿಂಬೆಯ ಪಾನಕದೊಡನೆ, ಇಲ್ಲವೆ ನೆಲ್ಲಿಕಾಯಿ ಅಥವಾ ಕಿತ್ತಳೆಯೊಡನೆ ನುಂಗಿದರೆ ಹೆಚ್ಚು ಮೈಗೂಡುತ್ತದೆ. ಕಾಫಿಗೂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ, ಸುಣ್ಣಾಂಶದ ಮಾತ್ರೆ ಬೇರೆ ಹೊತ್ತಿಗಿರಲಿ. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟವಾದ ಮೇಲೆ ನುಂಗಿ ಮಲಗಿಬಿಡಿ. ಮಲ ಕಪ್ಪಾಗುವುದು ಸಹಜ, ಅಂಜಬೇಕಾಗಿಲ್ಲ. ಮಲಬದ್ಧತೆಗೆ ನೀರು, ಸೊಪ್ಪು, ನಡಿಗೆ. ಮೊದಲ ಮೂರು ತಿಂಗಳು ಕಳೆದ ಮೇಲೆ ಹೊಟ್ಟೆಯ ಹುಳುವಿಗೆ ಒಂದು ಮಾತ್ರೆಯನ್ನೂ ಕೊಡುತ್ತಾರೆ. ಬರಿಗಾಲಲ್ಲಿ ಹೊಲಗದ್ದೆಗಳಲ್ಲಿ ದುಡಿಯುವವರಲ್ಲಿ ಕೊಕ್ಕೆಹುಳುವು ರಕ್ತವನ್ನು ಹೀರುತ್ತಲೇ ಇರುವುದರಿಂದ ಅದನ್ನು ಬಿಡಬಾರದು.

7. ಸ್ಕ್ಯಾನಿಂಗ್. 11ರಿಂದ 13 ವಾರಗಳಲ್ಲಿ ಒಂದು, 18ರಿಂದ 20 ವಾರಗಳಲ್ಲಿ ಅವಯವಗಳನ್ನು ವಿವರವಾಗಿ ನೋಡುವ ಇನ್ನೊಂದು, ಇವೆರಡು ಮುಖ್ಯ. ಎರಡನೆಯದನ್ನು ಮುಂದೂಡಿದರೆ, ದೋಷ ಕಂಡಾಗ ಯೋಚಿಸಿ ನಿರ್ಧರಿಸುವುದಕ್ಕೆ ಸಮಯ ಉಳಿಯುವುದಿಲ್ಲ. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆಂಬುದು ಹಳ್ಳಿಯಲ್ಲಿಯೂ ಪೇಟೆಯಲ್ಲಿಯೂ ಒಂದೇ ಬಗೆಯಾಗಿ ಬೇರೂರಿರುವ ಮಾತು. ಮಲದ ಬಣ್ಣವನ್ನು ಕಂಡವರು ಮಗುವಿನ ಬಣ್ಣವನ್ನು ಊಹಿಸಿರಬೇಕು. ಮೈಬಣ್ಣವು ತಂದೆತಾಯಿಗಳಿಂದ ಬರತಕ್ಕದ್ದು. ಕಬ್ಬಿಣ ಅದನ್ನು ಕೆಡಿಸಲಾರದು, ಕೇಸರಿ ಬೆರೆಸಿದ ಹಾಲು ಅದನ್ನು ತಿದ್ದಲಾರದು. ಹಾಲು ಕುಡಿಯಿರಿ, ಕೇಸರಿಯ ದುಡ್ಡಿಗೆ ಮೊಟ್ಟೆಯನ್ನೋ ಬೇಳೆಯನ್ನೋ ತನ್ನಿ.

ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಕಡೆಯ ತಿಂಗಳುಗಳಲ್ಲಿ ಊಟವನ್ನು ಕಡಮೆ ಮಾಡಿಸುವುದು ಇದಕ್ಕಿಂತ ಹಾನಿಕರ. 28 ವಾರಕ್ಕೆ ಒಂದು ಕಿಲೋಗ್ರಾಮಿನಷ್ಟಿರುವ ಮಗುವು ಹುಟ್ಟುವಾಗ ಮೂರು ಕಿಲೋಗ್ರಾಮಿನ ಸಮೀಪಕ್ಕೆ ಬರಬೇಕಾದುದು ಆ ಮೂರು ತಿಂಗಳುಗಳಲ್ಲಿಯೇ. ಮಗು ವಿಪರೀತ ಬೆಳೆಯುವುದಕ್ಕೆ ಮುಖ್ಯ ಕಾರಣ ತಾಯಿಯ ರಕ್ತದಲ್ಲಿನ ಸಕ್ಕರೆ. ಅದನ್ನು ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರಗಳಲ್ಲಿ ಮತ್ತೊಮ್ಮೆ, 75 ಗ್ರಾಮ್ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ಪರೀಕ್ಷಿಸುತ್ತಾರೆ.

ಪಪ್ಪಾಯಿಯ ವಿಷಯದಲ್ಲಿ ಹಿರಿಯರ ಮಾತಿನಲ್ಲಿ ಅಷ್ಟಿಷ್ಟು ಸತ್ಯವಿದೆ: ಹಾಲು ಒಸರುವ ಕಾಯಿಯನ್ನು ಬಿಡುವುದು ಮೇಲು, ಚೆನ್ನಾಗಿ ಹಣ್ಣಾದುದರಿಂದ ದೋಷವಿಲ್ಲ.

ಜ್ವರ ಬಂದಾಗ ಗರ್ಭಿಣಿಯೆಂಬ ಕಾರಣಕ್ಕೆ ಯಾವ ಔಷಧವನ್ನೂ ಕೊಡದೆ ಮೈ ಸುಡುವವರೆಗೆ ಕಾಯುವುದೂ ತಪ್ಪೇ. ಮೊದಲ ವಾರಗಳಲ್ಲಿ ತೀವ್ರವಾದ ಜ್ವರವೇ ಭ್ರೂಣಕ್ಕೆ ಹಾನಿಕರ. ಪ್ಯಾರಸಿಟಮಾಲ್ ಕೊಡಬಹುದು, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳನ್ನು ಕೇಳದೆ ಕೊಡಬಾರದು.

ಇನ್ನೊಂದು ತಪ್ಪನ್ನು ಬಸುರಿ ಮಾಡುವುದಿಲ್ಲ, ಅವಳ ಸುತ್ತಲಿನವರು ಮಾಡುತ್ತಾರೆ. ಗರ್ಭ ಇಳಿದುಹೋದಾಗ, ಬಸ್ಸಿನಲ್ಲಿ ಹೋದದ್ದು, ಕೊಡ ಎತ್ತಿದ್ದು, ಮೆಟ್ಟಿಲು ಹತ್ತಿದ್ದು ಎಂದು ಕಾರಣಗಳನ್ನು ಎಣಿಸತೊಡಗುತ್ತಾರೆ. ಆರಂಭದಲ್ಲಿ ಇಳಿದುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು, ಭ್ರೂಣದ ವರ್ಣತಂತುಗಳಲ್ಲಿಯೇ ಆದ ವ್ಯತ್ಯಾಸದಿಂದ ಉಳಿಯಲಾರದವು. ಯಾರೂ ಏನೂ ಮಾಡಿ ಅವುಗಳನ್ನು ಉಳಿಸುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಕೊಡದ ಮಾತೆತ್ತುವ ಅತ್ತೆಯವರಿಗೆ ಈ ಒಂದು ಪ್ಯಾರಾವನ್ನಾದರೂ ಓದಿ ಹೇಳಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಮೊದಲ ವಾರಗಳಲ್ಲಿ ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ತೀವ್ರ ನೋವು, ತಲೆಸುತ್ತು, ಬವಳಿ, ಹೆಗಲ ತುದಿಯಲ್ಲಿ ನೋವು ಕಂಡರೆ, ಗರ್ಭವು ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತು ಒಡೆದಿರಬಹುದು. ಇದು ಗಂಟೆಗಳ ಲೆಕ್ಕದಲ್ಲಿ ಪ್ರಾಣಾಪಾಯ. ರಕ್ತ ಕಂಡರೆ, ಅದು ಎಷ್ಟೇ ಸ್ವಲ್ಪವಿರಲಿ, ಯಾವ ತಿಂಗಳಿರಲಿ, ತೋರಿಸಲೇಬೇಕು. 20 ವಾರ ಕಳೆದ ಮೇಲೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ, ಎದೆಗೂಡಿನ ಕೆಳಗೆ ನೋವು ಇವು ರಕ್ತದೊತ್ತಡ ಏರಿರುವುದರ ಲಕ್ಷಣಗಳಾಗಿರಬಹುದು. ಒತ್ತಡವು 140/90 ಮುಟ್ಟಿದರೆ ಅಲಕ್ಷಿಸುವಂತಿಲ್ಲ, ಏಕೆಂದರೆ ಅದರ ಮುಂದಿನ ಹೆಜ್ಜೆ ಸೆಳವು. ಚೊಚ್ಚಲ ಬಸುರಿಗೆ ಮಗುವಿನ ಮಿಸುಕಾಟವು ಸಾಮಾನ್ಯವಾಗಿ 18ರಿಂದ 20ನೆಯ ವಾರದಲ್ಲಿ ತಿಳಿಯತೊಡಗುತ್ತದೆ. ಕಡೆಯ ತಿಂಗಳುಗಳಲ್ಲಿ ಅದು ರೂಢಿಗಿಂತ ಕಡಮೆಯಾದಂತೆ ತೋರಿದರೆ ನಾಳೆಯವರೆಗೆ ಕಾಯದೆ ಅಂದೇ ಹೋಗಿ. ನೀರು ಒಡೆದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ ಕೂಡ ಹಾಗೆಯೇ. ವಾಹನಕ್ಕೆ 108.

ತವರಿಗೆ ಹೋಗುವಾಗ

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಲ್ಲಿ ಒಂದು ತೊಡಕಿದೆ. ಆರು ತಿಂಗಳು ಒಬ್ಬ ವೈದ್ಯರು ನೋಡಿದ ಗರ್ಭವನ್ನು ಕಡೆಯ ಮೂರು ತಿಂಗಳು, ಬಿ.ಪಿ. ಏರುವ ಕಾಲದಲ್ಲಿಯೇ, ಹಿಂದಿನ ಯಾವ ಸಂಗತಿಯನ್ನೂ ಅರಿಯದ ಇನ್ನೊಬ್ಬರು ನೋಡಬೇಕಾಗುತ್ತದೆ. ಸೀರೆ ಕುಪ್ಪಸಗಳ ಪೆಟ್ಟಿಗೆಯಲ್ಲಿ ತಾಯಿ ಕಾರ್ಡೂ, ಸ್ಕ್ಯಾನಿಂಗಿನ ವರದಿಗಳೂ, ರಕ್ತದ ಗುಂಪಿನ ಚೀಟಿಯೂ, ಈಗ ನುಂಗುತ್ತಿರುವ ಮಾತ್ರೆಗಳು ಒಂದು ತಿಂಗಳಿಗಾಗುವಷ್ಟೂ ಇವೆಯೇ ಎಂದು ಹೊರಡುವ ಹಿಂದಿನ ದಿನವೇ ನೋಡಿಕೊಳ್ಳಿ. ಸೀಮಂತವು ಯಾವ ತಿಂಗಳಲ್ಲಿಯೇ ನಡೆಯಲಿ, ತವರು ಸೇರಿದ ವಾರದೊಳಗೆ ಅಲ್ಲಿಯ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಹೆಸರು ಬರೆಯಿಸಬೇಕು. ಹೆರಿಗೆಯನ್ನು ಎಲ್ಲಿ ಮಾಡಿಸುವುದು, ರಾತ್ರಿಯ ಹೊತ್ತಿನಲ್ಲಿ ವಾಹನ ಯಾರದು, ರಕ್ತ ಬೇಕಾದರೆ ಕೊಡುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಅಪ್ಪ, ಅಣ್ಣಂದಿರ ಬಳಿ ಉತ್ತರವನ್ನು ಅದೇ ವಾರ ಕೇಳಿ ಕಾರ್ಡಿನ ಹಿಂಬದಿಯಲ್ಲಿ ಬರೆಯಿಸಿಟ್ಟುಕೊಳ್ಳಿ.